ಡಿಎನ್‌ಎಸ್ ಫಾರ್ವರ್ಡಿಂಗ್ ಹಾಕಿದೆ, ಸರ್ವ್‌ಫೇಲ್ ಬಂತು: ನನ್ನ ಅನುಭವ

ನಮ್ಮ ಆಫೀಸಿನಲ್ಲಿ ಒಳಗಿನ ಮಷೀನ್‌ಗಳ ಹೆಸರುಗಳಿಗೆ ಅಂತ ಒಂದು ಡಿಎನ್‌ಎಸ್ ಸರ್ವರ್ (ಹೆಸರು ಕೊಟ್ಟರೆ ಐಪಿ ನಂಬರ್ ಹೇಳುವಂಥದ್ದು) ಇತ್ತು, ಆದರೆ ಅದನ್ನು ಕೇಳುವವರೇ ಇರಲಿಲ್ಲ. ಎಲ್ಲರೂ ಐಪಿ ನಂಬರನ್ನೇ ಬಾಯಿಪಾಠ ಮಾಡಿಕೊಂಡಿದ್ದರು. ಮೂಲೆಯಲ್ಲಿ ಸುಮ್ನೆ ಬಿದ್ದಿದ್ದ ಲಿನಕ್ಸ್ ಮಷೀನ್ ಮೇಲೆ ಅನ್‌ಬೌಂಡ್ ಹಾಕಿದೆ, ಅದು ಎಲ್ಲರ ಪರವಾಗಿ ಬೇರೆ ಡಿಎನ್‌ಎಸ್ ಸರ್ವರ್‌ಗಳನ್ನು ಕೇಳಿ ಉತ್ತರ ತರುವ ಸಾಫ್ಟ್‌ವೇರ್. ಡಾಟ್ ಇಂಟರ್ನಲ್ ಅಂತ ಮುಗಿಯುವ ಹೆಸರು ಬಂದರೆ ಒಳಗಿನ ಸರ್ವರ್‌ಗೆ, ಉಳಿದದ್ದೆಲ್ಲ 1.1.1.1 ಅನ್ನೋ ಹೊರಗಿನ ಸಾರ್ವಜನಿಕ ಡಿಎನ್‌ಎಸ್‌ಗೆ ಫಾರ್ವರ್ಡ್. ಅಷ್ಟೇ. (ಡಾಟ್ ಲೋಕಲ್ ಬೇಡ ಅಂದೆ, ಅದು ಎಂಡಿಎನ್‌ಎಸ್‌ಗೆ, ಅಂದರೆ ಸರ್ವರ್ ಇಲ್ಲದೆ ಮಷೀನ್‌ಗಳೇ ಪರಸ್ಪರ ಹೆಸರು ಹುಡುಕುವ ವ್ಯವಸ್ಥೆಗೆ ಮೀಸಲು. ಡಾಟ್ ಇಂಟರ್ನಲ್ ಅನ್ನು ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ 2024ರಲ್ಲಿ ಇಂಥದ್ದಕ್ಕೇ ಬಿಟ್ಟುಕೊಟ್ಟಿದೆ.) ಅನ್‌ಬೌಂಡ್ ತಾನಾಗಿ ಬೇರೆ ಮಷೀನ್‌ಗಳಿಗೆ ಉತ್ತರ ಕೊಡೋದಿಲ್ಲ, ಯಾರು ಕೇಳಬಹುದು ಅಂತ ಹೇಳುವ ಆಕ್ಸೆಸ್ ಕಂಟ್ರೋಲ್‌ನಲ್ಲಿ ನಮ್ಮ ಸಬ್‌ನೆಟ್ (ಆಫೀಸಿನ ನೆಟ್‌ವರ್ಕ್‌ನ ಐಪಿಗಳ ಗುಂಪು) ಸೇರಿಸಬೇಕು. ನಮ್ಮದನ್ನು ಮಾತ್ರ, ಇಡೀ ಲೋಕವನ್ನಲ್ಲ.

ಹೊರಗಿನ ಹೆಸರುಗಳು ಕೂಡಲೇ ಬಂದವು. ಒಳಗಿನದಕ್ಕೆ ಮಾತ್ರ ಸರ್ವ್‌ಫೇಲ್, ಅಂದರೆ ಉತ್ತರ ಕೊಡಲು ಆಗಲಿಲ್ಲ ಅನ್ನೋ ದೋಷ. ಡಿಎನ್‌ಎಸ್ ಪ್ರಶ್ನೆ ಕೇಳಿ ನೋಡುವ ಡಿಗ್ ಕಮ್ಯಾಂಡ್‌ನಲ್ಲಿ ಒಳಗಿನ ಸರ್ವರನ್ನೇ ನೇರವಾಗಿ ಕೇಳಿದರೆ 192.168.10.20 ಅಂತ ನೀಟಾಗಿ ಹೇಳುತ್ತದೆ, ಅನ್‌ಬೌಂಡ್ ಮೂಲಕ ಕೇಳಿದರೆ ಮತ್ತೆ ಅದೇ ಸರ್ವ್‌ಫೇಲ್. ಅರ್ಧ ದಿನ ಫೈರ್‌ವಾಲನ್ನು ಬೈದುಕೊಂಡು ಕೂತೆ. ಕೊನೆಗೆ ಡಿಗ್‌ಗೆ ಪ್ಲಸ್ ಸಿಡಿ ಸೇರಿಸಿ ಕೇಳಿದೆ, ಅಂದರೆ ಡಿಎನ್‌ಎಸ್‌ಸೆಕ್ (ಉತ್ತರ ಅಸಲಿಯೇ ಅಂತ ಡಿಜಿಟಲ್ ಸಹಿಯಿಂದ ನೋಡುವುದು) ತಪಾಸಣೆ ಬೇಡ ಅಂತ. ಉತ್ತರ ಬಂದೇ ಬಿಟ್ಟಿತು! ಆಗ ಗೊತ್ತಾಯಿತು: ಇಂಟರ್ನಲ್ ಅನ್ನೋ ಹೆಸರೇ ಇಲ್ಲ ಅಂತ ಡಿಎನ್‌ಎಸ್‌ನ ತುತ್ತತುದಿಯ ರೂಟ್ ಸರ್ವರ್‌ಗಳು ಸಹಿ ಹಾಕಿ ಹೇಳುತ್ತವೆ, ಹಾಗಿರುವಾಗ ನಮ್ಮ ಸರ್ವರ್ ಕೊಟ್ಟ ಸಹಿ ಇಲ್ಲದ ಉತ್ತರವನ್ನು ಅನ್‌ಬೌಂಡ್ ನಕಲಿ ಅಂದುಕೊಂಡು ಎಸೆಯುತ್ತಿತ್ತು. ಅದರ ತಪ್ಪೇನಿಲ್ಲ ಅಲ್ವಾ? ಡೊಮೇನ್ ಇನ್‌ಸೆಕ್ಯೂರ್ (ಇಲ್ಲಿ ಸಹಿ ನೋಡಬೇಡ) ಅಂತ ಡಾಟ್ ಇಂಟರ್ನಲ್ ಝೋನ್‌ಗೆ ಮಾತ್ರ ಒಂದು ಸಾಲು ಬರೆದೆ, ಸರಿಹೋಯಿತು. ಡಿಎನ್‌ಎಸ್‌ಸೆಕ್ ಅನ್ನೇ ಪೂರ್ತಿ ಆರಿಸಿ ಅಂತ ಸಲಹೆ ಕೊಡುವವರು ಜಾಸ್ತಿ, ಕೇಳಬೇಡಿ.

ಮರುದಿನ ಹೊಸ ಗೋಳು. ಕೆಲವರಿಗೆ ಆಫೀಸಿನ ಒಳಗಿನ ವಿಕಿ ಒಮ್ಮೆ ತೆರೆಯುತ್ತದೆ, ಒಮ್ಮೆ ಇಲ್ಲ. ಮಷೀನ್‌ಗಳಿಗೆ ಐಪಿ, ಡಿಎನ್‌ಎಸ್ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಎರಡನೇ ಡಿಎನ್‌ಎಸ್ ಆಗಿ ಗೂಗಲ್‌ನ 8.8.8.8 ಇತ್ತು, ಇರಲಿ ಅಂತ ನಾನೇ ಬಿಟ್ಟಿದ್ದೆ. ಮೊದಲನೆಯದು ಸತ್ತರೆ ಮಾತ್ರ ಮಷೀನ್‌ಗಳು ಎರಡನೆಯದನ್ನು ಕೇಳುತ್ತವೆ ಅನ್ನೋ ನಂಬಿಕೆ ಸುಳ್ಳು. ಯಾವಾಗ ಯಾವುದನ್ನು ಕೇಳಬೇಕು ಅನ್ನೋದು ಆಯಾ ಮಷೀನ್ ಇಷ್ಟ, ಗೂಗಲ್ ಆ ಹೆಸರೇ ಇಲ್ಲ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಅದನ್ನು ತೆಗೆದು ಇನ್ನೊಂದು ಮಷೀನ್‌ನಲ್ಲಿ ಎರಡನೇ ಅನ್‌ಬೌಂಡ್ ಹಾಕಿದೆ. ಲೀಸ್ (ಡಿಎಚ್‌ಸಿಪಿ ಕೊಟ್ಟ ವಿಳಾಸದ ಅವಧಿ) ಹೊಸದಾಗುತ್ತಾ ಬಂದಂತೆ ದೂರುಗಳು ನಿಂತವು, ಒಂದು ಪ್ರಿಂಟರ್‌ನದು ಬಿಟ್ಟು. ಅದರಲ್ಲಿ ಯಾರೋ ಹಿಂದೆ ಡಿಎನ್‌ಎಸ್ ಅನ್ನು ಕೈಯಾರೆ ಟೈಪ್ ಮಾಡಿಟ್ಟಿದ್ದರು.