ಪ್ರೆಸೆಂಟ್ ಸಿಂಪಲ್ ನನ್ನ ಬಾಯಿಗೆ ಬಂದಿದ್ದು ಹೆಂಗ: ನನ್ನ ಅನುಭವ

ನಾನು ಗಂಗಾವತಿ ತಾಲೂಕು ಆನೆಗುಂದಿಯಾಕಿ. ಬಾಳಿ ನಾರಿನ ಕೆಲಸ ಮಾಡ್ತೀನಿ, ಚೀಲ, ಚಾಪಿ, ಬುಟ್ಟಿ ಇಂಥವು. ಹೊಳಿ ಆಚಿ ಹಂಪಿ ನೋಡಾಕ ಬಂದ ಫಾರಿನ್ ಮಂದಿ ಈ ಕಡೆನೂ ಬರ್ತಾರ, ಅಂಜನಾದ್ರಿ ಹತ್ತತಾರ, ಸಾಣಾಪುರದಾಗ ಹರಗೋಲಿನ್ಯಾಗ ಕುಂದರ್ತಾರ, ಹಂಗ ನಮ್ಮ ಹತ್ರಾನೂ ಬಂದು ಇದನ್ನ ಹೆಂಗ ಮಾಡ್ತೀರಿ ಅಂತ ಕೇಳ್ತಾರ. ನಾನು ಕನ್ನಡ ಮೀಡಿಯಂ. ಸಾಲ್ಯಾಗ ಹನ್ನೆರಡು ಟೆನ್ಸಿನ ಟೇಬಲ್ ಬಾಯಿಪಾಠ ಮಾಡಿಸಿದ್ರು, ಆದ್ರ ಮಾತಿಗೆ ಬಂದಿದ್ದು ದಿನಾ ಮಾಡೋ ಕೆಲಸ ಹೇಳೋ ಪ್ರೆಸೆಂಟ್ ಸಿಂಪಲ್ ಅನ್ನೋ ಇದೊಂದ ಟೆನ್ಸ್ ಗಟ್ಟಿ ಹಿಡಕೊಂಡ ಮ್ಯಾಲ, ಅದೂ ನಮ್ಮ ಊರ ಮಾತು ಹಿಡಕೊಂಡು.

ನಮ್ಮ ಕಡೆ ಮಂದಿ ಇಂಗ್ಲಿಷ್ ಅಂದ ಕೂಡ್ಲೇ ಎಲ್ಲಾದಕ್ಕೂ ಇಂಗ್ ಹಚ್ಚತಾರ. ದಿನಾ ಮಾಡೋ ಕೆಲಸಕ್ಕೂ ಐ ಆಮ್ ಮೇಕಿಂಗ್ ಬ್ಯಾಗ್ಸ್ ಅಂತಾರ. ಆದ್ರ ನಮ್ಮ ಮಾತಿನ್ಯಾಗ ಈ ಎರಡು ಬ್ಯಾರೆ ಬ್ಯಾರೆನ ಅದಾವ ನೋಡ್ರಿ. "ಚೀಲ ಮಾಡಾಕತ್ತೀನಿ" ಅಂದ್ರ ಈಗ ಕೈಯಾಗ ಕೆಲಸ ನಡದೈತಿ, ಅದಕ್ಕ ಐ ಆಮ್ ಮೇಕಿಂಗ್. "ಚೀಲ ಮಾಡ್ತೀನಿ" ಅಂದ್ರ ಅದು ನನ್ನ ದಿನದ ಕೆಲಸ, ಈಗ ಊಟಕ್ಕ ಕುಂತಿದ್ರೂ ಹಂಗ ಅಂತೀನಿ, ಅದು ಐ ಮೇಕ್. ಬಾಯಾಗ "ಹತ್ತೀನಿ, ಹತ್ಯಾನ, ಹತ್ತೈತಿ" ಬಂದ್ರ ಇಂಗ್, ಬರಲಿಲ್ಲ ಅಂದ್ರ ಪ್ರೆಸೆಂಟ್ ಸಿಂಪಲ್. ಒಂದು ಕಡೆ ಮಾತ್ರ ಹುಷಾರಿರಬೇಕು, "ಬರ್ತೀನಿ" ಅನ್ನೋದು ನಾಳಿಗೂ ನಡಿತೈತಿ, ಅದಕ್ಕ ಮುಂದ "ದಿನಾ" ಅಂತ ಸೇರಿಸಿ ನೋಡ್ಬೇಕು, ಕೂಡಿದ್ರ ಐ ಕಮ್, "ನಾಳೆ" ಅಂತ ಕೂಡಿದ್ರ ಐ ವಿಲ್ ಕಮ್.

ಇನ್ನೊಂದು ಚಲೋ ಏನಂದ್ರ ಗೊತ್ತು, ಬೇಕು, ಐತಿ ಈ ಮಾತಿಗೆ ನಾವೂ "ಹತ್ತೈತಿ" ಹಚ್ಚಂಗಿಲ್ಲ. "ನಂಗ ಗೊತ್ತಾಕತ್ತೈತಿ" ಅಂತ ಯಾರಂತಾರ? ಇಂಗ್ಲಿಷಿನ್ಯಾಗೂ ಹಂಗ, ಐ ನೋ, ಐ ವಾಂಟ್, ಐ ಹ್ಯಾವ್ ಟೂ ಬ್ರದರ್ಸ್. ಐ ಆಮ್ ನೋಯಿಂಗ್, ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್ ಅನ್ನೋದು ಬಿಟ್ಟುಬಿಡ್ರಿ.

ಆಮ್ಯಾಲ ನಾನು ನನ್ನ ಕೆಲಸನ ಪಾಠ ಮಾಡ್ಕೊಂಡೆ. ವಿ ಡ್ರೈ ದಿ ಬಾರ್ಕ್, ವಿ ಕಟ್ ಇಟ್, ವಿ ಟ್ವಿಸ್ಟ್ ಇಟ್, ವಿ ಮೇಕ್ ಎ ರೋಪ್, ವಿ ಫಿನಿಶ್ ದಿ ಬ್ಯಾಗ್. ಬಾಳಿ ಗಿಡದ ಪಟ್ಟಿ ಒಣಗಿಸೋದು, ಸೀಳೋದು, ಹೊಸಿಯೋದು, ಹಗ್ಗ ಮಾಡೋದು, ಚೀಲ ಮುಗಿಸೋದು. ಇದನ್ನ ಹೇಳ್ಕೋತ ಕೆಲಸ ಮಾಡಿದ್ರ ಕೈಯೂ ಬಾಯಿಯೂ ಕೂಡೇ ನಡಿತಾವ. ಇದು ಗಟ್ಟಿ ಆದ ಮ್ಯಾಲ ಬಾಜೂ ಕುಂತಾಕಿನ ನೋಡಿ ಅದನ್ನ ಶಿ ಅಂತ ತಿರುಗಿಸಿದೆ: ಶಿ ಕಟ್ಸ್, ಶಿ ಟ್ವಿಸ್ಟ್ಸ್, ಶಿ ಮೇಕ್ಸ್. ಬರೆಯೋವಾಗ ಡ್ರೈ ಅನ್ನೋದರ ವೈ ಹೋಗಿ ಐ-ಇ-ಎಸ್ ಬರ್ತೈತಿ, ಫಿನಿಶ್‌ಗೆ ಇ-ಎಸ್ ಬಂದು ಫಿನಿಶಿಜ್ ಆಗ್ತೈತಿ, ವಾಚ್, ವಾಶ್, ಗೋ ಇವಕ್ಕೂ ಇ-ಎಸ್ಸೇ. ಹ್ಯಾವ್ ಹೋಗಿ ಹ್ಯಾಜ್. ಪ್ಲೇ ಮಾತ್ರ ಪ್ಲೇಜ್ ಅಷ್ಟ, ಯಾಕಂದ್ರ ವೈ ಹಿಂದ ಸ್ವರ ಐತಿ. ಇವು ಬರಕೋತ ಹೋದ್ರ ಬರ್ತಾವ.

ಕನ್ನಡದಾಗ ಹೋಗ್ತೀನಿ, ಹೋಗ್ತಾನ, ಹೋಗ್ತಾಳ, ಹೋಗ್ತಾವ ಅಂತ ಆಳಿಗೊಂದು ಬಾಲ, ಇಂಗ್ಲಿಷಿನ್ಯಾಗ ಹಿ, ಶಿ, ಇಟ್‌ಗೆ ಮಾತ್ರ ಒಂದು ಎಸ್. ಆದ್ರೂ ನಮ್ಮ ಮಂದಿಗೆ ಅದು ತಪ್ಪೋದಕ್ಕ ಒಂದು ಕಾರಣ ನಂಗ ಕಂಡೈತಿ, ಅದು ಮರ್ಯಾದಿ! ಅಪ್ಪ ಬರ್ತಾರ, ಸರ್ ಹೇಳ್ತಾರ ಅಂತ ನಾವು ಬಹುವಚನ ಹಚ್ಚತೀವಲ್ಲ, ಅದ ಗುಂಗಿನ್ಯಾಗ ಮೈ ಫಾದರ್ ಕಮ್ ಅಂತಾರ. ಇಂಗ್ಲಿಷಿನ್ಯಾಗ ಎಷ್ಟ ದೊಡ್ಡವರಿದ್ರೂ ಒಬ್ಬರಂದ್ರ ಒಬ್ಬರ, ಮೈ ಫಾದರ್ ಕಮ್ಜ್. ಊರು, ಹೊಳಿ, ಗುಡಿನೂ ಇಟ್ ಲೆಕ್ಕ, ದಿ ತುಂಗಭದ್ರಾ ಜಾಯಿನ್ಜ್ ದಿ ಕೃಷ್ಣಾ. ಇದು ಯಾವಾಗ್ಲೂ ಖರೇ ಇರೋ ಮಾತು, ಅದಕ್ಕೂ ಇದ ಟೆನ್ಸ್.

ಆದ್ರ "ಇದು ಬಾಳಿ ನಾರು" ಅನ್ನೋದಕ್ಕ ಕನ್ನಡದಾಗ ಕ್ರಿಯಾಪದನ ಬೇಕಿಲ್ಲ, ಇಂಗ್ಲಿಷಿನ್ಯಾಗ ಬೇಕ ಬೇಕು, ದಿಸ್ ಈಜ್ ಬನಾನಾ ಫೈಬರ್. ಹಂಗಂತ ಶಿ ಈಜ್ ಕಮ್ ಅಂತ ಎಲ್ಲಾ ಕಡೆ ಈಜ್ ತುರುಕಬಾರದು.

ಪ್ರಶ್ನೆ, ಇಲ್ಲ ಅನ್ನೋದು ಬಂದಾಗ ಮೇಕ್, ಗೋ ಇಂಥ ಮಾತಿಗೆ ಡೂ, ಡಜ್ ಬೇಕು. "ಅಕ್ಕಾ, ಡಜ್ ಶಿ ಮೇಕ್ಸ್ ಅಂದ್ರ ನಡಿಯಂಗಿಲ್ಲೇನು?" ಅಂತ ನಮ್ಮ ಹುಡುಗಿ ಒಬ್ಬಾಕಿ ಕೇಳಿದ್ಲು. ನಡಿಯಂಗಿಲ್ಲ ತಂಗಿ, ಎಸ್ ಅನ್ನೋದು ಒಂದ ಮನಿ ಕೀಲಿ ಇದ್ದಂಗ, ಡಜ್ ತನ್ನ ಕೈಯಾಗ ಇಟ್ಕೊಂಡ್ರ ಮೇಕ್ ಕೈಯಾಗ ಉಳಿಯಂಗಿಲ್ಲ. ಡಜ್ ಶಿ ಮೇಕ್? ಶಿ ಡಜಂಟ್ ಮೇಕ್. ಐ, ಯು, ವಿ, ದೇಗೆ ಡೂ, ಡೋಂಟ್.

ಮಂದಿ ಜೋಡಿ ಮಾತಾಡೋರಿಗೆ ಇನ್ನೊಂದು ಹೇಳಬೇಕು, ಇದನ್ನ ಪುಸ್ತಕದಾಗ ಹುಡುಕಿದ್ರೂ ಜಲ್ದಿ ಸಿಗಂಗಿಲ್ಲ. ಡಜಂಟ್ ದಿಸ್ ಬಸ್ ಗೋ ಟು ಹೊಸಪೇಟೆ ಅಂತ ಯಾರರ ಕೇಳಿದ್ರ, ಹೋಗಂಗಿಲ್ಲ ಅಂತಿದ್ರ ನಾವು "ಹೌದ್ರಿ, ಹೋಗಂಗಿಲ್ಲ" ಅಂತೀವಿ. ಅದ ರೂಢಿಲೆ ಯೆಸ್ ಅಂದುಬಿಟ್ರ ಅವರು ಬಸ್ ಹೋಗ್ತೈತಿ ಅಂತ ತಿಳಕೊಂಡು ಹತ್ತಿಬಿಡ್ತಾರ. ಹೋಗಂಗಿಲ್ಲ ಅಂದ್ರ ನೋ, ಇಟ್ ಡಜಂಟ್. ಹೋಗ್ತೈತಿ ಅಂದ್ರ ಯೆಸ್, ಇಟ್ ಡಜ್. ಅವರು ಹೆಂಗರ ಕೇಳಲಿ, ಬಸ್ ಏನ್ ಮಾಡ್ತೈತಿ ಅಷ್ಟ ನೋಡಿ ಹೇಳ್ರಿ.