ಸಂಜೆ ಐದು ಗಂಟೆಗೆ ಬರುವ ಹಾಲು

ಸಾಗರದ ನಮ್ಮ ಮನೆಯ ಜಗಲಿಯಲ್ಲೇ ನಿಂತುಕೊಂಡು ಅಮ್ಮ ಮೊದಲ ಬಾರಿ "ಕತ್ತಲಾಯಿತು, ನಾನು ಮನೆಗೆ ಹೋಗಬೇಕು" ಎಂದು ಅತ್ತಾಗ ಅವಳಿಗೆ 74 ವರ್ಷ. ಅರವತ್ತಕ್ಕೆ ಅರಳುಮರಳು, ಇದಕ್ಕೆಲ್ಲ ದುಡ್ಡು ಸುರಿಯಬೇಡ ಎಂದರು ನೆಂಟರು. ಅಣ್ಣನೂ ಅದನ್ನೇ ಹೇಳಿದ. ಆರು ವರ್ಷಗಳಾದವು. ಈಗ ತಿಂಗಳಲ್ಲಿ ಹೆಚ್ಚುಕಡಿಮೆ 25 ಸಂಜೆಗಳನ್ನು ಅವಳು ನೆಮ್ಮದಿಯಿಂದ ಕಳೆಯುತ್ತಾಳೆ. ಮನೆಯಲ್ಲಿ ಅಲ್ಝೈಮರ್ ಇರುವವರಿಗೆ ಈ ಸಂಖ್ಯೆಯ ಬೆಲೆ ಗೊತ್ತು, ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷ ಕಳೆದುಕೊಂಡ ದುಡ್ಡಿನ ಲೆಕ್ಕ ಈಗಲೂ ಹೊಟ್ಟೆ ಉರಿಸುತ್ತದೆ. ಎಂಆರ್‌ಐಗೆ ಏಳೋ ಎಂಟೋ ಸಾವಿರ. ಅದು ಬೇಕಿತ್ತು, ಆ ಬಗ್ಗೆ ದುಃಖವಿಲ್ಲ. ಆದರೆ ನೆನಪು ಮರಳಿಸುತ್ತೇವೆ ಎಂದ ಒಂದು ಚಿಕಿತ್ಸಾಲಯಕ್ಕೆ ಸುಮಾರು 40 ಸಾವಿರ ಕಟ್ಟಿದೆ. ಎಣ್ಣೆ, ಲೇಹ್ಯ, ಘೃತಗಳಿಗೆ ಇನ್ನೊಂದು ಹದಿನೈದು ಸಾವಿರ ಹೋಯಿತು. ಏಜೆನ್ಸಿಯೊಂದರಿಂದ ಆರೈಕೆಗೆಂದು ಬಂದ ಹುಡುಗಿ ಹನ್ನೊಂದನೆಯ ದಿನ ಹೊರಟುಹೋದಳು, ಮುಂಗಡ ವಾಪಸು ಬರಲಿಲ್ಲ. ವಿಮೆಯವರು ಆಸ್ಪತ್ರೆಗೆ ಸೇರಿಸಿದರೆ ಮಾತ್ರ ಕೊಡುತ್ತೇವೆ ಎಂದರು. ಈ ಕಾಯಿಲೆಯ ಖರ್ಚೆಲ್ಲ ಮನೆಯಲ್ಲೇ ಆಗುತ್ತದೆ.

ದುಡ್ಡಿಗಿಂತ ದೊಡ್ಡ ಪೆಟ್ಟು ಮಾತ್ರೆಯದು. ಪದೇ ಪದೇ ಮೂತ್ರಕ್ಕೆ ಹೋಗುತ್ತಾಳೆಂದು ಒಬ್ಬ ವೈದ್ಯರು ಒಂದು ಮಾತ್ರೆ ಬರೆದುಕೊಟ್ಟರು. ಶೀತಕ್ಕೆ ಇನ್ನೊಬ್ಬರು ಕೊಟ್ಟಿದ್ದು ಮೊದಲೇ ಇತ್ತು. ಹತ್ತು ದಿನಗಳಲ್ಲಿ ಅಮ್ಮನಿಗೆ ನನ್ನ ಗುರುತು ಹತ್ತದಂತಾಯಿತು. ಕಾಯಿಲೆ ಏರಿತು ಎಂದುಕೊಂಡು ನಾನು ಅತ್ತಿದ್ದೇ ಬಂತು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೈದ್ಯರು ನನ್ನ ಚೀಲವನ್ನು ಮೇಜಿನ ಮೇಲೆ ಸುರಿಸಿ, ಒಂದೊಂದೇ ಮಾತ್ರೆ ಪಟ್ಟಿ ನೋಡಿ, ಆ ಎರಡನ್ನೂ ಬದಿಗಿಟ್ಟರು. ಎರಡೂ ನೆನಪಿನ ಶಕ್ತಿಯನ್ನು ಕುಗ್ಗಿಸುವ ಜಾತಿಯವು, ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಎಂಬ ಮಾತ್ರೆ ಮಾಡುವ ಕೆಲಸಕ್ಕೆ ಎದುರಾಗಿ ನಿಲ್ಲುವಂಥವು. ನಿಲ್ಲಿಸಿದ ಮೂರನೆಯ ವಾರ ಅಮ್ಮ ನನ್ನ ಹೆಸರು ಕರೆದಳು. ಹೊಸ ಔಷಧ ಹುಡುಕಿಕೊಂಡು ಹೊರಡುವ ಮೊದಲು ಮನೆಯ ಮಾತ್ರೆ ಡಬ್ಬಿಯನ್ನು ಇದ್ದಂತೆಯೇ ಎತ್ತಿಕೊಂಡು ಹೋಗಿ ತೋರಿಸಿ.

ಬಿ12 ಕಡಿಮೆಯಿತ್ತು, ಚುಚ್ಚುಮದ್ದು ಕೊಟ್ಟರು. ಕಾಲಿಗೆ ಬಲ ಬಂತು, ನೆನಪು ಬರಲಿಲ್ಲ. ಡೊನೆಪೆಜಿಲ್ ಶುರುಮಾಡುವ ಮೊದಲು ಇಸಿಜಿ ಮಾಡಿಸಿದರು, ಏಕೆಂದರೆ ಅದು ನಾಡಿಬಡಿತವನ್ನು ನಿಧಾನಗೊಳಿಸುತ್ತದೆ. 5 ಮಿಲಿಗ್ರಾಂ ಹಿಡಿಸಿತು. 10ಕ್ಕೆ ಏರಿಸಿದಾಗ ರಾತ್ರಿ ಕೆಟ್ಟ ಕನಸು, ಕೂಗಾಟ. ವೈದ್ಯರನ್ನು ಕೇಳಿ ಬೆಳಗಿನ ಹೊತ್ತಿಗೆ ಬದಲಿಸಿದೆವು, ಕೂಗಾಟ ನಿಂತಿತು. ಜನೌಷಧಿ ಕೇಂದ್ರಕ್ಕೆ ಬದಲಾದ ಮೇಲೆ ತಿಂಗಳ ಔಷಧದ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು.

ಆದರೂ ಸಂಜೆಗಳು ಹಾಗೆಯೇ ಇದ್ದವು. ಚಿಕಿತ್ಸೆಯೆಂದು ನಾನು ಮೊದಲು ತಂದದ್ದು ಬಣ್ಣದ ಚಿತ್ರಪಟ್ಟಿ, ಜೋಡಿಸುವ ಆಟದ ತುಂಡುಗಳು. ಅಮ್ಮ ಎರಡು ದಿನ ನೋಡಿದಳು. ಮೂರನೆಯ ದಿನ ಎಲ್ಲವನ್ನೂ ಸರಿಸಿ, "ನಾನೇನು ಬಾಲವಾಡಿಯ ಕೂಸೇ?" ಎಂದಳು. ಅವಳ ಮಾತು ಸರಿ. ನಲವತ್ತು ವರ್ಷ ಕೊಟ್ಟಿಗೆ, ತೋಟ, ಹದಿನಾಲ್ಕು ಜನರ ಅಡುಗೆ ನಡೆಸಿದವಳ ಮುಂದೆ ನಾನು ಗಿಳಿಯ ಚಿತ್ರ ಹಿಡಿದಿದ್ದೆ.

ನಿಮ್ಹಾನ್ಸ್‌ನ ಥೆರಪಿಯವರು ಹದಿನೈದು ದಿನ ಗಂಟೆ ಗಂಟೆಗೂ ಬರೆದಿಡಲು ಹೇಳಿದರು: ಏನು ತಿಂದಳು, ಎಷ್ಟು ಮಲಗಿದಳು, ಯಾವಾಗ ಕೆರಳಿದಳು, ಆಗ ಬಾಯಲ್ಲಿ ಯಾವ ಮಾತಿತ್ತು. ಹಳೆಯ ಡೈರಿಯಲ್ಲಿ ಬರೆದೆ. ಒಂಬತ್ತನೆಯ ದಿನದ ಪುಟ ತಿರುವುವಾಗ ಕಣ್ಣಿಗೆ ಬಿತ್ತು. ಪ್ರತಿದಿನ ನಾಲ್ಕೂವರೆಯಿಂದ ಐದರೊಳಗೆ ಶುರು, ಮತ್ತು ಪ್ರತಿದಿನವೂ ಎಲ್ಲಾದರೂ ಒಂದು ಕಡೆ ದನದ ಮಾತು. ಅದು ಹಾಲು ಕರೆಯುವ ಹೊತ್ತು! ಅವಳಿಗೆ ಹೋಗಬೇಕಿದ್ದದ್ದು ಊರಿನ ಮನೆಗೆ, ಆ ಕೊಟ್ಟಿಗೆಗೆ. ನಾವು ದನ ಮಾರಿ ಆಗಲೇ ಎಂಟು ವರ್ಷ.

ಪ್ಯಾಕೆಟ್ ಹಾಲು ನಿಲ್ಲಿಸಿದೆ. ಎರಡು ಬೀದಿ ಆಚೆ ದನ ಸಾಕುವವರನ್ನು ಹಿಡಿದು, ಒಂದೂವರೆ ಲೀಟರ್ ಹಾಲನ್ನು ಸಂಜೆ ಐದಕ್ಕೇ, ನಾನು ಕೊಟ್ಟ ಅಮ್ಮನ ಹಳೆಯ ಹಿತ್ತಾಳೆ ತಂಬಿಗೆಯಲ್ಲೇ ತಂದುಕೊಡಬೇಕೆಂದು ಒಪ್ಪಿಸಿದೆ. ಲೀಟರಿಗೆ ಐದು ರೂಪಾಯಿ ಹೆಚ್ಚು ಕೊಡುತ್ತೇನೆ. ಅಮ್ಮ ಅಳೆಯುತ್ತಾಳೆ, ಸೋಸುತ್ತಾಳೆ. ಒಲೆಯ ಹತ್ತಿರ ನಾನು. ಆರಿದ ಮೇಲೆ ಹೆಪ್ಪು ಹಾಕುವವಳು ಅವಳೇ. ಮರುದಿನ ಬೆಳಿಗ್ಗೆ ಕಡಗೋಲಿನಲ್ಲಿ ಮಜ್ಜಿಗೆ ಕಡೆಯುತ್ತಾಳೆ. ನಾಲ್ಕು ಗಂಟೆಗೇ ಮನೆಯ ದೀಪವೆಲ್ಲ ಹಾಕಿಬಿಡುತ್ತೇನೆ, ಮಧ್ಯಾಹ್ನದ ನಿದ್ದೆ ಮುಕ್ಕಾಲು ಗಂಟೆಗೆ ಮಿತಿ. ತಂಬಿಗೆ ಕೈಗೆ ಕೊಡುವಾಗ ನಾನು ಆಡುವ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮಿಬ್ಬರ ನಡುವಿನದು, ನಿಮ್ಮ ಮನೆಯ ಮಾತನ್ನು ನೀವೇ ಹುಡುಕಬೇಕು.

"ಹಾಲು ಸೋಸಿದರೆ ಕಾಯಿಲೆ ವಾಸಿಯಾಗುತ್ತದೆಯೇ?" ಎಂದು ಚಿಕ್ಕಮ್ಮ ಕೇಳಿದಳು. ವಾಸಿಯಾಗುವುದಿಲ್ಲ. ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 17 ಇದ್ದ ಅಂಕ ಈಗ 13. ಆದರೆ ತಿಂಗಳಿಗೆ ಇಪ್ಪತ್ತೆರಡು-ಇಪ್ಪತ್ಮೂರರಷ್ಟಿದ್ದ ಅಳುವ ಸಂಜೆಗಳು ಎರಡು ತಿಂಗಳಲ್ಲಿ ಐದಾರಕ್ಕೆ ಇಳಿದವು. ರಾತ್ರಿ ಶಾಂತವಾಗಲೆಂದು ಕೊಡುತ್ತಿದ್ದ ಮಾತ್ರೆಯನ್ನು ವೈದ್ಯರೇ ಹಂತ ಹಂತವಾಗಿ ನಿಲ್ಲಿಸಿದರು. ಆ ಮಾತ್ರೆಯ ಅಮಲಿನಲ್ಲೇ ಅವಳು ಎರಡು ಸಲ ಬಿದ್ದಿದ್ದಳು. ನನ್ನ ಡೈರಿಯನ್ನು ಥೆರಪಿಯವರು ಪೂರ್ತಿ ಓದಿ, ಬೇರೆ ಮನೆಯವರಿಗೆ ತೋರಿಸಲು ನಾಲ್ಕು ಪುಟದ ನಕಲು ಕೇಳಿ ಪಡೆದರು. ಅದು ನನಗೆ ಹೆಮ್ಮೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಸ್ಟೀಲ್ ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದಳು. ಬಾಳೆಲೆಯಲ್ಲಿ ಬಡಿಸಿದರೆ ಪೂರ್ತಿ ಉಣ್ಣುತ್ತಾಳೆ. ಹಸಿರಿನ ಮೇಲೆ ಬಿಳಿ ಅನ್ನ ಕಾಣುತ್ತದೆ, ಹೊಳೆಯುವ ತಟ್ಟೆಯಲ್ಲಿ ಕಾಣುವುದಿಲ್ಲ. ಬಾಗಿಲ ಮುಂದಿನ ಕಪ್ಪು ಕಾಲೊರಸನ್ನು ಹೊಂಡವೆಂದು ದಾಟಲು ಹೆದರುತ್ತಿದ್ದಳು, ತೆಗೆದೆ. ಬಚ್ಚಲಿನ ಬಾಗಿಲಿಗೆ ಹಳದಿ ಬಣ್ಣ ಬಳಿಸಿದೆ, ಅದರಿಂದ ಏನೂ ಆಗಲಿಲ್ಲ. ಕನ್ನಡಿಗೆ ಪರದೆ ಹಾಕಿದ್ದು ಉಪಯೋಗಕ್ಕೆ ಬಂತು.

ಒಮ್ಮೆ ಎರಡೇ ದಿನದಲ್ಲಿ ತೀರಾ ಗಲಿಬಿಲಿಗೊಂಡಳು. ಮೂತ್ರದ ಸೋಂಕು ಎಂದು ಪರೀಕ್ಷೆಯಲ್ಲಿ ತಿಳಿಯಿತು. ಹಾಗೆ ದಿಢೀರನೆ ಕೆಟ್ಟರೆ ಕಾಯುತ್ತಾ ಕೂರಬೇಡಿ.

ಬೆಂಗಳೂರಿಗೆ ರಾತ್ರಿ ಬಸ್ಸು ಬೇಡ, ಬೆಳಗಿನ ರೈಲೇ ಸರಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳಿನ ಕಾಯಿಲೆಗಳನ್ನು ನೋಡುವ ಬ್ರೈನ್ ಕ್ಲಿನಿಕ್ ಶುರುವಾಗಿರುವುದರಿಂದ ಮೊದಲು ಅಲ್ಲಿ ವಿಚಾರಿಸಿ. ನನಗೇ ತಡೆಯಲಾಗದ ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಅರ್ಧ ಗಂಟೆ ಮಾತನಾಡಿದರು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಈಗ ದಿನಕ್ಕೆ ನಾಲ್ಕು ಗಂಟೆ ಪಕ್ಕದ ಬೀದಿಯ ಒಬ್ಬ ಹೆಂಗಸು ಬರುತ್ತಾರೆ, ತಿಂಗಳಿಗೆ ಆರು ಸಾವಿರ. ಅವರಿಗೂ ದನ ಸಾಕಿ ಗೊತ್ತು. ಅದನ್ನು ಕೇಳಿಯೇ ಗೊತ್ತುಮಾಡಿದೆ.

ಅಣ್ಣ ಹೋದ ದೀಪಾವಳಿಗೆ ಬಂದವನು ಹತ್ತು ದಿನ ಉಳಿದ. ನಾಲ್ಕನೆಯ ದಿನದಿಂದ ತಂಬಿಗೆ ಹಿಡಿದುಕೊಂಡು ಹಾಲಿಗೆ ತಾನೇ ಹೋಗತೊಡಗಿದ.

ಕಳೆದ ತಿಂಗಳಿಂದ ಅಮ್ಮನಿಗೆ ಕಡಗೋಲಿನ ಹಗ್ಗ ಹಿಡಿಯುವುದು ಮರೆಯುತ್ತಿದೆ. ಎದುರಿಗೆ ಕುಳಿತು ನಾನು ಎಳೆಯತೊಡಗುತ್ತೇನೆ, ಅವಳ ಕೈಯನ್ನು ನನ್ನ ಕೈಯ ಮೇಲಿಟ್ಟುಕೊಂಡು. ಏಳೆಂಟು ಸಲ ಎಳೆದ ಮೇಲೆ ಅವಳು ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ, ಹಗ್ಗ ತಾನೇ ತೆಗೆದುಕೊಳ್ಳುತ್ತಾಳೆ.