ಬಾನೆಟ್ ಲೈನರ್: ಕಂಪನಿಯಿಂದಲೇ ಬಂದಂತೆ ಕಾಣಬೇಕಾದರೆ

ಕಡಿಮೆ ಬೆಲೆಯ ವೇರಿಯಂಟ್‌ನ ಎಷ್ಟೋ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಕಾಣುವುದು ಬರೀ ತಗಡು, ಅದರಲ್ಲಿ ಅಲ್ಲಲ್ಲಿ ಖಾಲಿ ತೂತುಗಳು. ಎಂಜಿನ್ನಿನ ಶಾಖ, ಸದ್ದು ತಡೆಯಲು ದುಬಾರಿ ವೇರಿಯಂಟಿನ ಬಾನೆಟ್ ಒಳಬದಿಗೆ ಹಾಕುವ ಹಾಸು, ಅಂದರೆ ಲೈನರ್‌ನ ಕ್ಲಿಪ್ಪುಗಳಿಗಾಗಿ ಬಿಟ್ಟಿರುವ ತೂತುಗಳೇ ಬಹುಪಾಲು ಅವು. ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ನಿಮ್ಮ ಕಂಪನಿಯ ಸ್ಪೇರ್ಸ್ ಕೌಂಟರಿಗೆ ಹೋಗಿ, ಅದೇ ಮಾಡೆಲಿನ ಮೇಲಿನ ವೇರಿಯಂಟಿನ ಲೈನರ್ ಸಿಗುತ್ತದೆಯೇ ಎಂದು ಕೇಳಿ. ಸಿಕ್ಕರೆ ಕ್ಲಿಪ್ಪುಗಳ ಸಮೇತ ತಂದು ಒತ್ತಿ ಕೂರಿಸಿದರೆ ಮುಗಿಯಿತು. ಸಿಗದಿದ್ದರೆ, ಅಥವಾ ಹಳೆಯದನ್ನು ಮಳೆಗಾಲದಲ್ಲಿ ಇಲಿ ಕಿತ್ತು ಗೂಡು ಮಾಡಿಕೊಂಡಿದ್ದರೆ, ಮನೆಯಲ್ಲೇ ಮಾಡಿಕೊಳ್ಳಬೇಕು.

ನೋಟವೆಲ್ಲ ನಿಂತಿರುವುದು ಅಂಚು ಮತ್ತು ಕ್ಲಿಪ್ಪಿನ ಮೇಲೆ. ದುಬಾರಿ ಶೀಟು ತಂದು ಅಂಚನ್ನು ಕತ್ತರಿಯಲ್ಲಿ ಕತ್ತರಿಸಿ ಹಾಗೇ ಬಿಟ್ಟರೆ ಅದು ಬಾನೆಟ್ಟಿಗೆ ಅಂಟಿಸಿದ ಕಾಲೊರಸಿನಂತೆ ಕಾಣುತ್ತದೆ.

ಶೀಟಿನ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 10 ಮಿ.ಮೀ. ದಪ್ಪದ, ಒಂದು ಮುಖಕ್ಕೆ ಕಪ್ಪು ತೆಳು ಬಟ್ಟೆ ಹಚ್ಚಿದ, ಬೆಂಕಿ ಹರಡದಂತೆ ಸಂಸ್ಕರಿಸಿದ ಪಾಲಿಯೆಸ್ಟರ್ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ದಪ್ಪ ಹಾಸು) ಒಳ್ಳೆಯದು. ಬಾನೆಟ್ ಒಳಬದಿಯ ಅಳತೆಗಿಂತ ನಾಲ್ಕೂ ಕಡೆ ಒಂದು ಅಂಗೈಯಷ್ಟು ಹೆಚ್ಚಿಗೆ ಕೊಳ್ಳಿ. ಪ್ರಯೋಗಕ್ಕೆ ತುಂಡು ಬೇಕಾಗುತ್ತದೆ. ಟರ್ಬೊ ಅಥವಾ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಕೊಳವೆ) ಮೇಲ್ಗಡೆಯೇ ಇರುವ ಎಂಜಿನ್ನಾದರೆ ಫೈಬರ್ ಗ್ಲಾಸ್ ಶೀಟು. ಘಾಟಿ ಏರಿ ಬಂದು ಎಂಜಿನ್ ಆಫ್ ಮಾಡಿದ ಮೇಲೆ ಗಾಳಿಯೂ ಇಲ್ಲ, ಕೂಲಂಟ್ ಓಡಾಟವೂ ಇಲ್ಲ. ಬಾನೆಟ್ ಅಡಿಯ ಕಾವು ಆಗಲೇ ಜೋರಾಗುವುದು. ಮಾಮೂಲಿ ಸ್ಪಂಜು ಬೇಡವೇ ಬೇಡ: ನೀರು, ಆಯಿಲ್ ಎರಡನ್ನೂ ಹೀರುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ. ಹೊಳೆಯುವ ಅಲ್ಯೂಮಿನಿಯಂ ಮುಖದ ಶೀಟು ಒರಿಜಿನಲ್ಲಿನಂತೆ ಕಾಣುವುದಿಲ್ಲ, ಮೇಲಾಗಿ ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೆ ತಾಗಿದರೆ ಶಾರ್ಟ್ ಆಗಬಹುದು.

ದಪ್ಪ ನಿರ್ಧರಿಸುವ ಮೊದಲು ಜಾಗ ಅಳೆಯಿರಿ. ಎಂಜಿನ್ ತಣ್ಣಗಿರುವಾಗ ಚಪಾತಿ ಹಿಟ್ಟಿನ ಉಂಡೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಎಂಜಿನ್ ಕವರ್, ಏರ್ ಫಿಲ್ಟರ್ ಡಬ್ಬಿ, ಬ್ಯಾಟರಿ ಟರ್ಮಿನಲ್, ಸ್ಟ್ರಟ್ ತಲೆಗಳ (ಮುಂದಿನ ಸಸ್ಪೆನ್ಷನ್ನಿನ ಮೇಲ್ತುದಿಗಳ) ಮೇಲಿಟ್ಟು ಬಾನೆಟ್ಟನ್ನು ಲಾಕ್ ಆಗುವಷ್ಟು ಮುಚ್ಚಿ, ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ನಿಮಗಿರುವ ಜಾಗ. ಶೀಟಿನ ದಪ್ಪ ಕಳೆದು ಕನಿಷ್ಠ 10 ಮಿ.ಮೀ. ಉಳಿಯಬೇಕು, ಏಕೆಂದರೆ ರಬ್ಬರ್ ಮೌಂಟಿಂಗ್ ಮೇಲೆ ಕೂತ ಎಂಜಿನ್ ಸ್ಟಾರ್ಟ್ ಆಗುವಾಗಲೂ ಕ್ಲಚ್ ಬಿಡುವಾಗಲೂ ವಾಲಾಡುತ್ತದೆ. ಅಷ್ಟು ಉಳಿಯದ ಕಡೆ ಶೀಟನ್ನು ಒತ್ತಿ ತೆಳು ಮಾಡಿ, ಇಲ್ಲವೇ ಅಲ್ಲಿ ಕತ್ತರಿಸಿ ಬಿಡಿ.

ಮಾದರಿಗೆ ಖಾಕಿ ಕಾಗದ ಅಥವಾ ಹಳೆಯ ಕ್ಯಾಲೆಂಡರ್ ಹಾಳೆ ಸಾಕು. ಬಾನೆಟ್ಟಿನ ಒಳಬದಿಗೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ, ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದರೆ ತೂತುಗಳೂ ತಗಡಿನ ಉಬ್ಬುಪಟ್ಟಿಗಳ ಏಣುಗಳೂ ಮೂಡುತ್ತವೆ. ಸುತ್ತಲಿನ ರಬ್ಬರ್ ಬೀಡಿಂಗ್, ಲಾಕ್ ಕೊಂಡಿ, ಹಿಂಜ್‌ಗಳಿಂದ 20 ಮಿ.ಮೀ. ದೂರವಿಟ್ಟು ಗೆರೆ ಎಳೆಯಿರಿ. ಬಾನೆಟ್ ಅಂಚಿನಲ್ಲಿ ನೀರು ಇಳಿಯುವ ಸಣ್ಣ ಸೀಳುಗಳಿರುತ್ತವೆ. ಅವು ಮುಚ್ಚಿದರೆ ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗೆ ತಗಡು ಒಳಗಿಂದ ತುಕ್ಕು ಹಿಡಿಯುತ್ತದೆ. ವಾಷರ್ ನೀರಿನ ಪೈಪು ಲೈನರ್ ಅಡಿಗೆ ಸಿಕ್ಕಿ ಮಡಿಯದಂತೆ ಅದಕ್ಕೂ ದಾರಿ ಬಿಡಿ. ಕಾಗದದ ಮೇಲೆ ‘ಮುಂದೆ’, ‘ಎಂಜಿನ್ ಕಡೆ’ ಎಂದು ಬರೆದಿಡುವುದು ಮರೆಯಬೇಡಿ. ತೂತುಗಳು ಎಡಬಲ ಒಂದೇ ಸಮ ಇರುವುದಿಲ್ಲ. ಶೀಟಿನ ಹಿಂಬದಿಯಲ್ಲಿ ಗುರುತು ಮಾಡುವಾಗ ಮಾದರಿಯನ್ನು ಮಗುಚದೆ ಇಟ್ಟು ಇಡೀ ಶೀಟು ಹಾಳು ಮಾಡಿಕೊಳ್ಳುವವರೇ ಹೆಚ್ಚು.

ಈಗ ಅಂಚು. ಕಂಪನಿಯ ಲೈನರ್ ನೋಡಿ: ನಡುವೆ ದಪ್ಪ, ಸುತ್ತ ಒಂದು ಬೆರಳಗಲ ಅಂಚು ಮಾತ್ರ ರಟ್ಟಿನ ಹಾಗೆ ಗಟ್ಟಿ. ಪಾಲಿಯೆಸ್ಟರ್ ಫೆಲ್ಟಿಗೆ ಇದನ್ನು ಇಸ್ತ್ರಿ ಪೆಟ್ಟಿಗೆಯಿಂದಲೇ ಮಾಡಬಹುದು. ಮೊದಲು ಒತ್ತಬೇಕು, ಆಮೇಲೆ ಕತ್ತರಿಸಬೇಕು. ಈ ಕ್ರಮ ತಿರುವುಮುರುವಾದರೆ ಅಂಚು ಹಾವಿನಂತೆ ಅಂಕುಡೊಂಕಾಗುತ್ತದೆ. ಗೆರೆಯ ಎರಡೂ ಬದಿಗೆ ಸೇರಿ 25 ಮಿ.ಮೀ. ಪಟ್ಟಿಯ ಮೇಲೆ ಬಟರ್ ಪೇಪರ್ ಹಾಕಿ, ಕಾಟನ್ ಶಾಖದಲ್ಲಿ ಹತ್ತು-ಹದಿನೈದು ಸೆಕೆಂಡ್ ಭಾರ ಬಿಟ್ಟು ಒತ್ತಿ. ಇಸ್ತ್ರಿ ತೆಗೆದ ತಕ್ಷಣ ಅದರ ಮೇಲೆ ತಣ್ಣನೆಯ ಕಬ್ಬಿಣದ ಪಟ್ಟಿ ಇಟ್ಟು, ಪೂರ್ತಿ ಆರುವ ತನಕ ಅದುಮಿ ಹಿಡಿಯಿರಿ. ಬಿಸಿ ಇರುವಾಗ ಬಿಟ್ಟರೆ ಎಳೆಗಳು ಮತ್ತೆ ಉಬ್ಬುತ್ತವೆ. ಆಕಾರ ನಿಲ್ಲುವುದು ಒತ್ತಡದಲ್ಲಿ ಆರಿದಾಗ. 2–3 ಮಿ.ಮೀ.ಗೆ ಇಳಿದರೆ ಸಾಕು. ಮೇಲ್ಬಟ್ಟೆ ಹೊಳಪು ಬಂದರೆ ಶಾಖ ಹೆಚ್ಚಾಯಿತೆಂದು ಅರ್ಥ, ಹಾಗಾಗಿ ಮೊದಲು ತುಂಡಿನ ಮೇಲೆ ನೋಡಿಕೊಳ್ಳಿ. ನಂತರ ಪಟ್ಟಿಯ ನಡುಗೆರೆಯಲ್ಲಿ ಹೊಸ ಬ್ಲೇಡಿನ ಕಟರ್ ಹಿಡಿದು, ಸ್ಟೀಲ್ ಸ್ಕೇಲ್ ಆಸರೆಯಲ್ಲಿ, ಒಂದೇ ಸಲಕ್ಕೆ ಅವಸರಿಸದೆ ಮೂರ್ನಾಲ್ಕು ಬಾರಿ ಹಗುರವಾಗಿ ಎಳೆಯಿರಿ. ಮೂಲೆಗಳನ್ನು ಡಬ್ಬಿಯ ಮುಚ್ಚಳ ಇಟ್ಟು ದುಂಡಗೆ ಮಾಡಿ. ಚೂಪು ಮೂಲೆ ಮೊದಲು ಜೋತು ಬೀಳುತ್ತದೆ.

ಫೈಬರ್ ಗ್ಲಾಸ್‌ಗೆ ಇಸ್ತ್ರಿ ನಾಟುವುದಿಲ್ಲ. ಹಿಂಬದಿಯಿಂದ ಅಂಚನ್ನು ಓರೆಯಾಗಿ ಹೆರೆದು, ಮೇಲ್ಬಟ್ಟೆಯನ್ನು ಸುತ್ತ 25 ಮಿ.ಮೀ. ಹೆಚ್ಚಿಗೆ ಬಿಟ್ಟು ಹಿಂದಕ್ಕೆ ಮಡಚಿ, ರೂಫ್ ಲೈನಿಂಗ್‌ಗೆ ಬಳಸುವ ಶಾಖ ತಡೆಯುವ ಸ್ಪ್ರೇ ಗಮ್ಮಿನಿಂದ ಅಂಟಿಸಬೇಕು. ಬಿಳಿ ಫೆವಿಕಾಲ್ ಇಲ್ಲಿ ನಿಲ್ಲದು. ಮಳೆಗಾಲದಲ್ಲಿ ಗಮ್ ಹೊಡೆದ ಮೇಲೆ ತೇವ ಕೂತು ಮೇಲ್ಮೈ ಮಸುಕು ಬಿಳಿಯಾಗುತ್ತದೆ, ಆಮೇಲೆ ಹಿಡಿಯುವುದಿಲ್ಲ. ಬಿಸಿಲಿರುವ ದಿನ ನೋಡಿಯೇ ಈ ಕೆಲಸಕ್ಕೆ ಕೂರಿ. ಕೈಗವಸು, ತುಂಬುತೋಳಿನ ಅಂಗಿ, ಎನ್95 ಮಾಸ್ಕ್ ಕಡ್ಡಾಯ. ಮೈ ತುರಿಸಿದರೆ ಉಜ್ಜದೆ ತಣ್ಣೀರಿನಲ್ಲಿ ತೊಳೆಯಿರಿ. ಸೀಟ್ ಕವರ್ ಅಂಗಡಿಯಲ್ಲಿ ಅಂಚಿಗೆ ಟೇಪು ಹೊಲಿಸಿದರೆ ಬಾಳಿಕೆ ಬರುತ್ತದೆ ನಿಜ, ಆದರೆ ಚೀಲದ ಅಂಚಿನಂತೆ ಕಾಣುತ್ತದೆ.

ಕ್ಲಿಪ್ಪುಗಳನ್ನು ಅಂದಾಜಿನಲ್ಲಿ ತರಬೇಡಿ. ತೂತಿನ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು, ನಿಮ್ಮ ಕಾರಿನದೇ ಕ್ಲಿಪ್ ಕೇಳಿ, ಎರಡು ಹೆಚ್ಚಿಗೆ ತನ್ನಿ. ಅಗಲ ತಲೆಯ, ಕಪ್ಪು ಮ್ಯಾಟ್ ಕ್ಲಿಪ್ಪೇ ಒರಿಜಿನಲ್ ಕಳೆ ಕೊಡುವುದು. ಕ್ಲಿಪ್ ಕೂರುವ ಪ್ರತಿ ಜಾಗವನ್ನೂ ಇಸ್ತ್ರಿಯ ಮೂತಿಯಿಂದ ಒತ್ತಿ, ದೊಡ್ಡ ವಾಷರ್ ಇಟ್ಟು ಆರಿಸಿ ತೆಳು ಮಾಡಿ. ಫೈಬರ್ ಗ್ಲಾಸ್ ಆದರೆ ಅಷ್ಟು ಜಾಗವನ್ನು ಹಿಂಬದಿಯಿಂದ ಹೆರೆಯಿರಿ. 10 ಮಿ.ಮೀ. ದಪ್ಪ ಹಾಗೇ ಇದ್ದರೆ ಕ್ಲಿಪ್ಪಿನ ಹಲ್ಲು ತಗಡಿನ ಆಚೆ ತಲುಪುವುದಿಲ್ಲ. ಕೂತಂತೆ ಕಾಣುತ್ತದೆ, ಹಂಪ್ ಹಾರಿದಾಗ ಬೀಳುತ್ತದೆ. ಶೀಟಿನಲ್ಲಿ ತೂತನ್ನು ಹಾಲೋ ಪಂಚಿನಿಂದ (ದುಂಡಗೆ ತೂತು ಹೊಡೆಯುವ ಟೊಳ್ಳು ಉಳಿ), ಕ್ಲಿಪ್ ಕಾಂಡಕ್ಕಿಂತ 1 ಮಿ.ಮೀ. ದೊಡ್ಡದಾಗಿ ಹೊಡೆಯಿರಿ. ನಡುವಿನ ಒಂದು ಮಾತ್ರ ಬಿಗಿ ಇರಲಿ, ಮಿಕ್ಕವು ಕೊಂಚ ಉದ್ದುದ್ದ; ಇಲ್ಲದಿದ್ದರೆ ಎಲ್ಲೋ ಒಂದು ಕಡೆ ಸುಕ್ಕು ಬರುತ್ತದೆ. ಹಾಕುವಾಗಲೂ ನಡುವಿನಿಂದ ಹೊರಕ್ಕೆ ಹೋಗಿ. ತಗಡಿನಲ್ಲಿ ಹೊಸ ತೂತು ಕೊರೆಯಬೇಡಿ: ಬಿಟ್ ಜಾರಿದರೆ ಬಾನೆಟ್ಟಿನ ಹೊರ ಪೇಂಟಿಗೇ ಉಬ್ಬು ಏಳುತ್ತದೆ. ಗಮ್ಮಿನಿಂದ ತಗಡಿಗೆ ಅಂಟಿಸುವುದೂ ತಪ್ಪು. ಶಾಖಕ್ಕೆ ಗಮ್ ಸೋತ ದಿನ ಶೀಟು ಬೀಳುವುದು ಬೆಲ್ಟಿನ ಮೇಲೋ ಮ್ಯಾನಿಫೋಲ್ಡ್ ಮೇಲೋ.

ಹಾಕಿದ ಮೇಲೆ ಒಂದು ಘಾಟಿ ಓಡಾಟ ಮುಗಿಸಿ ಬಾನೆಟ್ ಎತ್ತಿ ನೋಡಿ. ಉಜ್ಜಿದ ಗುರುತು, ಸುಟ್ಟ ವಾಸನೆ, ಜೋತ ಅಂಚು ಇದ್ದರೆ ಆ ಜಾಗ ಕತ್ತರಿಸಿ. ಸಡಿಲ ಅಂಚಿನಿಂದಲೇ ಇಲಿ ಎಳೆಯಲು ಶುರು ಮಾಡುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಾರು ತೋಟದ ಶೆಡ್ಡಿನಲ್ಲಿ ನಿಲ್ಲುವುದಾದರೆ, ವಾರಕ್ಕೊಮ್ಮೆ ಕಣ್ಣಾಡಿಸಿ. ವಾಟರ್ ವಾಶ್ ಮಾಡಿಸುವಾಗ ಬಾನೆಟ್ ಒಳಗೆ ಪ್ರೆಷರ್ ಗನ್ ಹಿಡಿಯಬೇಡಿ ಎಂದು ಮೊದಲೇ ಹೇಳಿ. ನೀರು ಕುಡಿದ ಫೆಲ್ಟ್ ಭಾರಕ್ಕೆ ಕ್ಲಿಪ್ಪಿನ ತೂತನ್ನೇ ಹರಿದುಕೊಳ್ಳುತ್ತದೆ. ಧೂಳಿಗೆ ವ್ಯಾಕ್ಯೂಮ್, ಒದ್ದೆ ಬಟ್ಟೆ ಸಾಕು. ಆಯಿಲ್ ನೆಂದ ಲೈನರನ್ನು ಮಾತ್ರ ತೊಳೆಯಲು ಹೋಗದೆ ಬಿಚ್ಚಿ ಎಸೆಯಿರಿ, ಆಯಿಲ್ ಎಲ್ಲಿಂದ ಬಂತೆಂದು ಹುಡುಕಿದ ಮೇಲೆಯೇ ಹೊಸದು ಹಾಕಿ.